ಕಚೇರಿಯ ಕಂಪ್ಯೂಟರಿನಲ್ಲಿ ಕೂತಿರುವ ನಿಗಾ ಏಜೆಂಟ್ ನಿಜವಾಗಿ ಏನನ್ನು ಸಂಗ್ರಹಿಸುತ್ತದೆ?

ಪ್ರಶ್ನೆ: ತೂಕದ ಚೀಟಿ, ದಾವಣಗೆರೆ

ದಾವಣಗೆರೆಯಲ್ಲಿ ಮೆಕ್ಕೆಜೋಳದ ಖರೀದಿ ವಹಿವಾಟು ನಡೆಸುವ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎರಡು ತಿಂಗಳ ಹಿಂದೆ ನಮ್ಮೆಲ್ಲರ ಕಂಪ್ಯೂಟರುಗಳಿಗೆ ಯಾವುದೋ ತಂತ್ರಾಂಶವನ್ನು ಹಾಕಿದರು. ಯಾರು ಹಾಕಿದರು, ಯಾವಾಗ ಹಾಕಿದರು ಎಂಬುದು ನಮಗೆ ತಿಳಿಯಲೇ ಇಲ್ಲ. ಒಂದು ಬೆಳಿಗ್ಗೆ ಎಲ್ಲ ಯಂತ್ರಗಳೂ ತಾವಾಗಿಯೇ ರೀಸ್ಟಾರ್ಟ್ ಆದವು, ಅಷ್ಟೇ.

ಕಳೆದ ವಾರ ವ್ಯವಸ್ಥಾಪಕರು ನನ್ನನ್ನು ಕರೆದು ಒಂದು ಮುದ್ರಿತ ಹಾಳೆಯನ್ನು ಮುಂದಿಟ್ಟರು. ಅದರಲ್ಲಿ ನನ್ನ ಹೆಸರಿನ ಎದುರು ಸಕ್ರಿಯ ಸಮಯ 5 ಗಂಟೆ 12 ನಿಮಿಷ, ನಿಷ್ಕ್ರಿಯ ಸಮಯ 3 ಗಂಟೆ 18 ನಿಮಿಷ, ಅನುತ್ಪಾದಕ 35 ನಿಮಿಷ ಎಂದು ಇತ್ತು. ನಿಷ್ಕ್ರಿಯ ಎಂದು ಬರೆದ ಹೊತ್ತಿನಲ್ಲಿ ಅರ್ಧ ಗಂಟೆ ಊಟಕ್ಕೆ ಹೋಗಿದ್ದೆನೆಂಬುದು ನಿಜ. ಆದರೆ ಉಳಿದ ಹೊತ್ತೆಲ್ಲ ನಾನು ಮೇಜಿನ ಮೇಲೆ ಲಾರಿಗಳ ತೂಕದ ಚೀಟಿಗಳನ್ನು ಹರಡಿಕೊಂಡು, ಖರೀದಿ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡುತ್ತ ಕೂತಿದ್ದೆ. ಸುಗ್ಗಿಯ ದಿನಗಳಲ್ಲಿ ಈ ಕೆಲಸಕ್ಕೆ ಕಂಪ್ಯೂಟರು ಬೇಕಾಗುವುದಿಲ್ಲ. ಕೆಂಪು ಪೆನ್ನು ಮತ್ತು ಕಣ್ಣು ಇದ್ದರೆ ಸಾಕು. ಇನ್ನು ಆ 35 ನಿಮಿಷ ಯೂಟ್ಯೂಬಿನದು. ಜಿಎಸ್‌ಟಿ ರಿಟರ್ನಿನಲ್ಲಿ ಬಂದ ಒಂದು ದೋಷಕ್ಕೆ ಪರಿಹಾರ ಹುಡುಕಲು ಆ ವಿಡಿಯೊ ನೋಡಿದ್ದೆ.

ಅದಕ್ಕಿಂತ ವಿಚಿತ್ರವೆಂದರೆ, ನಾನು ಬೆಳಗಿನ 4:02ಕ್ಕೆ ಲಾಗಿನ್ ಆಗಿದ್ದೇನೆಂದು ಅದೇ ಹಾಳೆ ಹೇಳುತ್ತಿತ್ತು. ಆ ಹೊತ್ತಿಗೆ ನಾನು ನಿಟುವಳ್ಳಿಯ ನಮ್ಮ ಮನೆಯಲ್ಲಿ ನಿದ್ದೆಯಲ್ಲಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇರುವುದು 9:30ಕ್ಕೆ.

ಏಜೆಂಟ್ ಎಂದು ಕರೆಯುವ ಈ ನಿಗಾ ತಂತ್ರಾಂಶ ಮಾಹಿತಿಯನ್ನು ಎಲ್ಲಿಂದ, ಹೇಗೆ ತೆಗೆದುಕೊಳ್ಳುತ್ತದೆ? ನಾನು ಒತ್ತುವ ಪ್ರತಿ ಕೀಲಿಯೂ ಅದಕ್ಕೆ ತಿಳಿಯುತ್ತದೆಯೇ? ಊಟದ ಹೊತ್ತಿನಲ್ಲಿ ಕಚೇರಿಯ ಕಂಪ್ಯೂಟರಿನಲ್ಲೇ ವಾಟ್ಸಾಪ್ ವೆಬ್ ತೆರೆಯುತ್ತೇನೆ, ಅದನ್ನೂ ಓದುತ್ತದೆಯೇ? ಲ್ಯಾಪ್‌ಟಾಪನ್ನು ಮನೆಗೆ ಒಯ್ದು ನನ್ನ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದರೆ ಏನಾಗುತ್ತದೆ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಕೆಲಸಕ್ಕೆ ಸಂಚಕಾರ ತಂದುಕೊಳ್ಳುವ ಇಚ್ಛೆ ನನಗಿಲ್ಲ; ನನ್ನ ವಿರುದ್ಧ ಸಾಕ್ಷಿ ಹೇಳುತ್ತಿರುವ ಯಂತ್ರ ಏನನ್ನು ನೋಡಿತು ಎಂಬುದಾದರೂ ನನಗೆ ಗೊತ್ತಿರಬೇಕಲ್ಲವೇ?

ಉತ್ತರ 1: ಕೇಬಲ್ ಎಳೆಯುವವ, ದಾವಣಗೆರೆ

ನಮಸ್ಕಾರ ಮೇಡಂ. ನಾನು ಇದೇ ಊರಿನ ಸಣ್ಣ ಕಚೇರಿಗಳಿಗೆ ನೆಟ್‌ವರ್ಕ್ ಮತ್ತು ಕಂಪ್ಯೂಟರುಗಳ ನಿರ್ವಹಣೆ ಮಾಡಿಕೊಡುತ್ತೇನೆ. ಇಂಥ ಏಜೆಂಟುಗಳನ್ನು ನನ್ನ ಕೈಯಿಂದಲೇ ಎಷ್ಟೋ ಯಂತ್ರಗಳಿಗೆ ಹಾಕಿದ್ದೇನೆ. ಆದ್ದರಿಂದ ಇದನ್ನು ಅರ್ಧ ತಪ್ಪೊಪ್ಪಿಗೆಯೆಂದೇ ಓದಿಕೊಳ್ಳಿ.

ಮೊದಲು 4:02ರ ಒಗಟನ್ನು ಬಿಡಿಸುತ್ತೇನೆ. ಆ ಹೊತ್ತಿಗೆ ಐದೂವರೆ ಗಂಟೆ ಸೇರಿಸಿ ನೋಡಿ: 9:32 ಆಗುತ್ತದೆ. ಏಜೆಂಟುಗಳು ಸಾಮಾನ್ಯವಾಗಿ ಪ್ರತಿ ಘಟನೆಯ ಹೊತ್ತನ್ನೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆದಿಡುತ್ತವೆ. ಅದನ್ನು ಭಾರತದ ಸಮಯಕ್ಕೆ ಬದಲಿಸಿ ತೋರಿಸುವುದು ವರದಿಗಳ ಪುಟವಾದ ಡ್ಯಾಶ್‌ಬೋರ್ಡಿನ ಕೆಲಸ, ಮತ್ತು ನಿಮ್ಮಲ್ಲಿ ಆ ಆಯ್ಕೆಯನ್ನು ಯಾರೂ ಮಾಡಿಲ್ಲ. ನೀವು ಹಾಜರಿಗೆ ಸಹಿ ಹಾಕಿ ಎರಡು ನಿಮಿಷಕ್ಕೆ ಲಾಗಿನ್ ಆಗಿದ್ದೀರಿ, ಅಷ್ಟೇ. ಇದು ಸಣ್ಣ ದೋಷವೆನಿಸಬಹುದು. ಆದರೆ ವರದಿಯನ್ನು ಮುದ್ರಿಸಿದವರು ಅದನ್ನು ಒಮ್ಮೆಯೂ ಓದಿ ನೋಡಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇನ್ನು ಅದು ಒಳಗೆ ಬಂದ ಬಗೆ. ಒಂದೇ ಜಾಲದಲ್ಲಿರುವ ಕಚೇರಿಯ ಯಂತ್ರಗಳಿಗೆ ನಿರ್ವಾಹಕರು ಕೇಂದ್ರ ಸರ್ವರಿನಿಂದ ಗ್ರೂಪ್ ಪಾಲಿಸಿಯ ಮೂಲಕ ತಂತ್ರಾಂಶವನ್ನು ತಳ್ಳಬಹುದು. ಮುಂದಿನ ಸಲ ಯಂತ್ರ ಶುರುವಾದಾಗ ಅದು ಸದ್ದಿಲ್ಲದೆ ಸ್ಥಾಪನೆಯಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸರ್ವಿಸ್. ಇದು ನೀವು ಲಾಗಿನ್ ಆಗುವ ಮುನ್ನವೇ, ಸಿಸ್ಟಮ್ ಎಂಬ ಅತ್ಯುನ್ನತ ಅಧಿಕಾರದ ಖಾತೆಯಲ್ಲಿ ಓಡಲು ಆರಂಭಿಸುತ್ತದೆ. ಆದರೆ ವಿಸ್ಟಾ ಆವೃತ್ತಿಯಿಂದ ಈಚೆಗೆ ಸರ್ವಿಸ್‌ಗಳನ್ನು ಬಳಕೆದಾರರ ಡೆಸ್ಕ್‌ಟಾಪಿನಿಂದ ಬೇರ್ಪಡಿಸಿ ಇಟ್ಟಿರುವುದರಿಂದ, ಅದಕ್ಕೆ ನಿಮ್ಮ ಪರದೆ ನೇರವಾಗಿ ಕಾಣಿಸುವುದಿಲ್ಲ. ಹಾಗಾಗಿ ನೀವು ಲಾಗಿನ್ ಆದೊಡನೆ ನಿಮ್ಮದೇ ಖಾತೆಯಲ್ಲಿ ಇನ್ನೊಂದು ಸಹಾಯಕ ಪ್ರಕ್ರಿಯೆಯನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಅದು ಎಬ್ಬಿಸುತ್ತದೆ. ಕಣ್ಣು ಈ ಎರಡನೆಯದು, ಕೈಕಾಲು ಮೊದಲನೆಯದು. ಟಾಸ್ಕ್ ಮ್ಯಾನೇಜರಿನ ವಿವರಗಳ ಪುಟದಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಪ್ರಕ್ರಿಯೆಗಳು, ಒಂದು ಸಿಸ್ಟಮ್ ಹೆಸರಿನಲ್ಲಿ, ಇನ್ನೊಂದು ನಿಮ್ಮ ಹೆಸರಿನಲ್ಲಿ ಕಂಡರೆ, ಬಹುಶಃ ಅದೇ ಇದು.

ನಿಷ್ಕ್ರಿಯ ಸಮಯದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮಗೆ ಪೆಟ್ಟು ಬಿದ್ದಿರುವುದು ಅಲ್ಲೇ. ಕೀಲಿಮಣೆಯೋ ಮೌಸೋ ಕೊನೆಯ ಬಾರಿ ಅಲುಗಿದ್ದು ಯಾವಾಗ ಎಂಬ ಒಂದೇ ಒಂದು ಅಂಕೆಯನ್ನು ವಿಂಡೋಸ್ ಸದಾ ಇಟ್ಟುಕೊಂಡಿರುತ್ತದೆ. ಏಜೆಂಟು ಕೆಲವು ಸೆಕೆಂಡುಗಳಿಗೊಮ್ಮೆ ಆ ಅಂಕೆಯನ್ನು ಕೇಳಿ, ಈಗಿನ ಹೊತ್ತಿನಿಂದ ಕಳೆದು ನೋಡುತ್ತದೆ. ವ್ಯತ್ಯಾಸವು ನಿರ್ವಾಹಕರು ನಿಗದಿ ಮಾಡಿದ ಮಿತಿಯನ್ನು, ಉದಾಹರಣೆಗೆ ಐದು ನಿಮಿಷವನ್ನು, ದಾಟಿತೆಂದರೆ ನೀವು ನಿಷ್ಕ್ರಿಯರು. ನೀವು ಕುರ್ಚಿಯಲ್ಲಿದ್ದಿರೇ, ಕೈಯಲ್ಲಿ ಕೆಂಪು ಪೆನ್ನಿತ್ತೇ, ರೈತರೊಬ್ಬರು ಎದುರು ನಿಂತು ತೇವಾಂಶದ ಕಡಿತದ ಬಗ್ಗೆ ಜಗಳ ತೆಗೆದಿದ್ದರೇ ಎಂಬುದೊಂದೂ ಅದಕ್ಕೆ ಗೊತ್ತಿಲ್ಲ. ಅದು ಅಳೆದದ್ದು ಕೀಲಿಮಣೆಯ ಸುಮ್ಮನಿರುವಿಕೆಯನ್ನು; ಹಾಳೆಯಲ್ಲಿ ಅಚ್ಚಾದದ್ದು ನಿಮ್ಮ ಹೆಸರಿನ ಎದುರು.

ಸಕ್ರಿಯ ಸಮಯವೂ ಇಷ್ಟೇ ಬಡಪಾಯಿ. ಎಲ್ಲಕ್ಕಿಂತ ಮುಂದೆ ತೆರೆದಿರುವ ಕಿಟಕಿ ಯಾವುದು, ಅದರ ತಲೆಬರಹವೇನು ಎಂಬ ಎರಡು ವಿಷಯಗಳನ್ನು ಏಜೆಂಟು ಬರೆದುಕೊಳ್ಳುತ್ತದೆ. ಟ್ಯಾಲಿ ಅಥವಾ ಎಕ್ಸೆಲ್ ಮುಂದಿದ್ದರೆ ಉತ್ಪಾದಕ, ಯೂಟ್ಯೂಬ್ ಮುಂದಿದ್ದರೆ ಅನುತ್ಪಾದಕ ಎಂಬ ಪಟ್ಟಿಯನ್ನು ಮಾರಾಟಗಾರರು ಸಿದ್ಧವಾಗಿಯೇ ಕೊಟ್ಟಿರುತ್ತಾರೆ. ತಲೆಬರಹವನ್ನು ಹಗುರವಾಗಿ ಎಣಿಸಬೇಡಿ. ಬ್ರೌಸರಿನಲ್ಲಿ ಜಿಮೇಲಿನ ಒಂದು ಪತ್ರವನ್ನು ತೆರೆದರೆ ಆ ಪತ್ರದ ವಿಷಯದ ಸಾಲು ಮತ್ತು ನಿಮ್ಮ ಇಮೇಲ್ ವಿಳಾಸ ಕಿಟಕಿಯ ತಲೆಬರಹದಲ್ಲೇ ಇರುತ್ತವೆ. ಪತ್ರವನ್ನು ಓದದೆಯೂ ಪತ್ರ ಯಾವುದರ ಬಗ್ಗೆ ಎಂಬುದು ವರದಿಗೆ ಸೇರುತ್ತದೆ.

ಕೀಲಿಗಳ ಬಗ್ಗೆ ಕೇಳಿದ್ದೀರಿ. ಒತ್ತಿದ ಕೀಲಿಗಳ ಸಂಖ್ಯೆಯನ್ನು ಎಣಿಸುವುದು ಬೇರೆ, ಯಾವ ಕೀಲಿಯೆಂದು ಬರೆದಿಡುವುದು ಬೇರೆ. ಎರಡೂ ತಾಂತ್ರಿಕವಾಗಿ ಸಾಧ್ಯ. ಎರಡನೆಯದನ್ನು ಚಾಲೂ ಮಾಡಿದರೆ ಪರದೆಯಲ್ಲಿ ಚುಕ್ಕೆಗಳಾಗಿ ಕಾಣುವ ಪಾಸ್‌ವರ್ಡ್ ಕೂಡ ಅಕ್ಷರವಾಗಿಯೇ ಸಿಕ್ಕಿಬೀಳಬಹುದು. ನಾನು ನೋಡಿಕೊಳ್ಳುವ ಕಚೇರಿಗಳಲ್ಲಿ ಅದನ್ನು ಚಾಲೂ ಮಾಡಲು ನಾನು ಒಪ್ಪಿಲ್ಲ. ಎಲ್ಲರೂ ಹಾಗೆ ಎಂದು ಹೇಳಲಾರೆ.

ವಾಟ್ಸಾಪ್ ಸಂದೇಶಗಳು ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗುತ್ತವೆ, ನಿಜ. ಆದರೆ ನೀವು ಓದಬೇಕಾದರೆ ಅವು ಪರದೆಯ ಮೇಲೆ ಬಿಚ್ಚಿಕೊಳ್ಳಲೇಬೇಕು, ಮತ್ತು ಆ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಎಲ್ಲವೂ ಅದರಲ್ಲಿರುತ್ತದೆ. ಇನ್‌ಕಾಗ್ನಿಟೊ ಕಿಟಕಿಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಬ್ರೌಸರಿನ ಇತಿಹಾಸವನ್ನು ಉಳಿಸದೆ ಇರುತ್ತದೆಯೇ ಹೊರತು ಪರದೆಯನ್ನು ಮರೆಮಾಡುವುದಿಲ್ಲ. ವಾಟ್ಸಾಪನ್ನು ನಿಮ್ಮ ಮೊಬೈಲಿನಲ್ಲೇ ನೋಡಿ. ಆ ಏಜೆಂಟು ಮೊಬೈಲಿಗೆ ಹತ್ತಿಲ್ಲ.

ಮನೆಯ ಹಾಟ್‌ಸ್ಪಾಟಿನಿಂದ ಯಾವ ವ್ಯತ್ಯಾಸವೂ ಆಗದು. ಸಂಗ್ರಹಿಸಿದ ಘಟನೆಗಳು ಮೊದಲು ನಿಮ್ಮದೇ ಡಿಸ್ಕಿನ ಒಂದು ಕಡತದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆಗಾಗ ಅವುಗಳನ್ನು ಗಂಟುಕಟ್ಟಿ, ಬ್ಯಾಂಕಿನ ಜಾಲತಾಣಕ್ಕೆ ಹೋಗುವ ಅದೇ 443ರ ಪೋರ್ಟಿನಲ್ಲಿ, ಗೂಢಲಿಪಿಯಲ್ಲಿ ಸರ್ವರಿಗೆ ಕಳಿಸಲಾಗುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಮೋಡೆಮ್ ಸತ್ತರೂ ಯುಪಿಎಸ್ ಮೇಲೆ ನಿಮ್ಮ ಯಂತ್ರ ಓಡುತ್ತಿದ್ದರೆ, ಘಟನೆಗಳು ಅಲ್ಲೇ ಕಾದಿದ್ದು ಇಂಟರ್‌ನೆಟ್ ಬಂದೊಡನೆ ಹೊರಡುತ್ತವೆ.

ಉತ್ತರ 2: ದುರ್ಗದ ಬುರುಜು, ಚಿತ್ರದುರ್ಗ

ಕೇಬಲ್ ಎಳೆಯುವವರು ಬರೆದದ್ದೆಲ್ಲ ಸರಿ, ಆದರೆ ಅವರು ಹೇಳಿದ್ದು ಕೆಲಸದ ವೇಳೆಯನ್ನು ಅಳೆಯುವ ಏಜೆಂಟಿನ ಕಥೆ. ನಾನು ಮಾಹಿತಿ ಭದ್ರತೆಯ ಕೆಲಸದಲ್ಲಿದ್ದೇನೆ. ನಮ್ಮ ಏಜೆಂಟುಗಳ ಉದ್ದೇಶ ಬೇರೆ, ಅವು ಕೂರುವ ಜಾಗವೂ ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಜನ ಸುಮ್ಮನೆ ಹೆದರುವುದನ್ನೂ, ಹೆದರಬೇಕಾದಲ್ಲಿ ಹೆದರದಿರುವುದನ್ನೂ ನೋಡಿದ್ದೇನೆ.

ನಮ್ಮೂರಿನದು ಏಳು ಸುತ್ತಿನ ಕೋಟೆ. ಕಂಪ್ಯೂಟರಿನಲ್ಲೂ ಸುತ್ತುಗಳಿವೆ: ಟ್ಯಾಲಿ, ಬ್ರೌಸರ್ ಮುಂತಾದವು ಹೊರಸುತ್ತಿನಲ್ಲಿದ್ದರೆ ವಿಂಡೋಸಿನ ತಿರುಳಾದ ಕರ್ನಲ್ ಎಲ್ಲಕ್ಕೂ ಒಳಗಿನ ಸುತ್ತಿನಲ್ಲಿರುತ್ತದೆ. ಹೊಸದೊಂದು ಪ್ರಕ್ರಿಯೆ ಹುಟ್ಟಬೇಕಾದರೂ, ಕಡತವೊಂದು ತೆರೆಯಬೇಕಾದರೂ ಕರ್ನಲ್ಲಿನ ಬಾಗಿಲಿಗೆ ಬಂದೇ ಹೋಗಬೇಕು. ಭದ್ರತಾ ಏಜೆಂಟು ಕರ್ನಲ್ಲಿನೊಳಗೆ ಓಡುವ ಡ್ರೈವರ್ ಎಂಬ ತನ್ನ ಭಾಗವನ್ನು ಆ ಬಾಗಿಲಲ್ಲಿ ನಿಲ್ಲಿಸಿ, ಪ್ರಕ್ರಿಯೆ ಹುಟ್ಟಿದೊಡನೆ ನನಗೆ ತಿಳಿಸು ಎಂದು ವಿಂಡೋಸಿನಲ್ಲಿ ನೋಂದಾಯಿಸಿಕೊಂಡಿರುತ್ತದೆ. ಕಾವಲಿನವನು ಊಟಕ್ಕೆ ಹೋದಾಗ ಓಬವ್ವ ಕಿಂಡಿಯ ಬಳಿ ನಿಂತಂತೆ, ಮುಖ್ಯ ಸರ್ವಿಸ್ ನಿಂತರೆ ಮತ್ತೆ ಎಬ್ಬಿಸಲು ಇನ್ನೊಂದು ಕಾವಲು ಪ್ರಕ್ರಿಯೆಯೂ ಎಷ್ಟೋ ಏಜೆಂಟುಗಳಲ್ಲಿ ಇರುತ್ತದೆ. ಹಾಗಾಗಿ ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ಮುಗಿಸಲು ಹೋಗಬೇಡಿ. ಅದು ಸಾಯುವುದಿಲ್ಲ, ಆದರೆ ನೀವು ಕೊಲ್ಲಲು ಹೋದದ್ದು ಮಾತ್ರ ಸರ್ವರಿಗೆ ಎಚ್ಚರಿಕೆಯಾಗಿ ತಲುಪುತ್ತದೆ.

ಏನನ್ನು ಬರೆದುಕೊಳ್ಳುತ್ತೇವೆ ಎಂಬುದಕ್ಕೆ ವಿಂಡೋಸಿನ ಸ್ವಂತ ದಾಖಲೆಯನ್ನೇ ನೋಡಬಹುದು. ಅದರ ಸೆಕ್ಯುರಿಟಿ ಲಾಗ್ ಎಂಬ ದಾಖಲೆಯಲ್ಲಿ 4624 ಎಂದರೆ ಲಾಗಿನ್ ಆಯಿತು, 4625 ಎಂದರೆ ಲಾಗಿನ್ ವಿಫಲವಾಯಿತು, 4688 ಎಂದರೆ ಹೊಸ ಪ್ರಕ್ರಿಯೆ ಹುಟ್ಟಿತು. ಮೈಕ್ರೋಸಾಫ್ಟಿನದೇ ಆದ ಸಿಸ್‌ಮಾನ್ ಎಂಬ ಉಚಿತ ಸಾಧನವನ್ನು ಹಾಕಿಕೊಂಡರೆ ಯಾವ ಪ್ರಕ್ರಿಯೆಯನ್ನು ಯಾವುದು ಹುಟ್ಟಿಸಿತು, ಯಾವ ಐಪಿ ವಿಳಾಸಕ್ಕೆ ಸಂಪರ್ಕ ಹೋಯಿತು, ಯಾವ ಜಾಲತಾಣದ ಹೆಸರನ್ನು ವಿಚಾರಿಸಲಾಯಿತು ಎಂಬುದೂ ಸಿಗುತ್ತದೆ. ನಮಗೆ ಬೇಕಾದದ್ದು ಇಂಥ ಸಂಬಂಧಗಳು. ಇಮೇಲಿನಲ್ಲಿ ಬಂದ ಬಿಲ್ಲನ್ನು ವರ್ಡ್ ತೆರೆದರೆ ಅದು ಸಹಜ. ಆ ವರ್ಡ್ ತಾನಾಗಿ, ಯಂತ್ರಕ್ಕೆ ಆದೇಶ ಕೊಡುವ ಸಾಧನವಾದ ಪವರ್‌ಶೆಲ್ಲನ್ನು ಹುಟ್ಟಿಸಿ, ಅದು ಹೊರದೇಶದ ಸರ್ವರಿಗೆ ಕರೆ ಮಾಡಿದರೆ ಅಸಹಜ. ಕಡತದ ವಿಷಯದಲ್ಲೂ ಸಾಮಾನ್ಯವಾಗಿ ಕಡತವನ್ನೇ ಸಾಗಿಸುವುದಿಲ್ಲ. ಅದರ ಬೆರಳಚ್ಚಿನಂತಿರುವ ಹ್ಯಾಶ್ ಎಂಬ 64 ಅಕ್ಷರಗಳ ಸಾಲೊಂದು ಹೋಗುತ್ತದೆ. ಲೆಕ್ಕದ ಹಾಳೆಯಲ್ಲಿ ಏನಿದೆಯೆಂದು ಅದರಿಂದ ತಿಳಿಯದು. ಆದರೆ ಅನುಮಾನ ಬಂದ ಕಡತವನ್ನು ಇಡಿಯಾಗಿ ತರಿಸಿಕೊಳ್ಳುವ ಸೌಲಭ್ಯವೂ ಇರುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಒಳಸುತ್ತಿನಲ್ಲಿ ಕೂರುವುದಕ್ಕೆ ಬೆಲೆಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಏಜೆಂಟಿಗೆ ಬಂದ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ಹೊರಸುತ್ತಿನ ತಂತ್ರಾಂಶ ಬಿದ್ದರೆ ಅದೊಂದೇ ಬೀಳುತ್ತದೆ. ಕರ್ನಲ್ಲಿನಲ್ಲಿ ಕೂತದ್ದು ಬಿದ್ದರೆ ಇಡೀ ಯಂತ್ರವನ್ನು ಎಳೆದುಕೊಂಡು ಬೀಳುತ್ತದೆ. ಮ್ಯಾಕ್ ಕಂಪ್ಯೂಟರುಗಳಲ್ಲಿ ಆಪಲ್ 2019ರ ಕ್ಯಾಟಲಿನಾ ಆವೃತ್ತಿಯಿಂದ ಇಂಥ ಏಜೆಂಟುಗಳಿಗೆ ಕರ್ನಲ್ಲಿನ ಹೊರಗೇ ಬೇರೆ ದಾರಿ ಮಾಡಿಕೊಟ್ಟಿದೆ.

ಉತ್ತರ 3: ಹಳೇ ಮಿಲ್ಲಿನ ಗಂಟೆ, ದಾವಣಗೆರೆ

ಮಾಲೀಕರ ಕಡೆಯ ಮಾತನ್ನೂ ಒಬ್ಬರು ಹೇಳಲಿ ಎಂದು ಬರೆಯುತ್ತಿದ್ದೇನೆ. ನನ್ನದು ಹದಿನಾಲ್ಕು ಜನರ ಸಣ್ಣ ಸಂಸ್ಥೆ. ಕೆಲಸ ಬಿಟ್ಟು ಹೋದವರೊಬ್ಬರು ಗ್ರಾಹಕರ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋದ ಮೇಲೆ ನಾನೂ ಇಂಥದ್ದೊಂದನ್ನು ಹಾಕಿಸಿದೆ. ಯಾವ ಯಂತ್ರಕ್ಕೆ ಯಾವ ಪೆನ್‌ಡ್ರೈವ್ ಯಾವಾಗ ಸಿಕ್ಕಿಸಿದರು, ಯಾವ ಕಡತ ಅದಕ್ಕೆ ನಕಲಾಯಿತು ಎಂಬುದು ನನಗೆ ಬೇಕಾಗಿತ್ತು, ಅಷ್ಟು ಸಿಕ್ಕಿತು.

ಆದರೆ ಸ್ಕ್ರೀನ್‌ಶಾಟ್ ಸೌಲಭ್ಯವು ಮೊದಲಿನಿಂದಲೇ ಚಾಲೂ ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಡ್ಯಾಶ್‌ಬೋರ್ಡಿನಲ್ಲಿ ಏನನ್ನೋ ಹುಡುಕುವಾಗ, ನಮ್ಮ ಸಿಬ್ಬಂದಿಯೊಬ್ಬರ ಮಗುವಿನ ರಕ್ತಪರೀಕ್ಷೆಯ ವರದಿ ದೊಡ್ಡದಾಗಿ ಪರದೆಯ ಮೇಲೆ ಬಂತು. ಊಟದ ಹೊತ್ತಿನಲ್ಲಿ ಅವರು ಅದನ್ನು ತೆರೆದು ನೋಡಿದ್ದರು, ಯಂತ್ರ ಅದೇ ನಿಮಿಷಕ್ಕೆ ಚಿತ್ರ ತೆಗೆದಿತ್ತು. ಮರುದಿನ ಅವರ ಮುಖವನ್ನು ನೋಡುವುದೇ ನನಗೆ ಕಷ್ಟವಾಯಿತು. ಆ ಸೌಲಭ್ಯವನ್ನು ಅವತ್ತೇ ನಿಲ್ಲಿಸಿ, ಹಳೆಯ ಚಿತ್ರಗಳನ್ನೂ ಅಳಿಸಿಸಿದೆ. ನಿಮ್ಮ ವ್ಯವಸ್ಥಾಪಕರಿಗೂ ಏನೇನು ಚಾಲೂ ಇದೆಯೆಂದು ತಿಳಿದಿರಲಿಕ್ಕಿಲ್ಲ. ಜಗಳದ ಧಾಟಿಯಲ್ಲಲ್ಲದೆ, ಕೇಳಿ ನೋಡಿ.

ಉತ್ತರ 4: ಕಾಯ್ದೆ ಪುಸ್ತಕ, ದಾವಣಗೆರೆ

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಆದರೆ ಆ ಕಾಯ್ದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ, ಒಪ್ಪಿಗೆ ಪಡೆಯದೆಯೂ ದತ್ತಾಂಶವನ್ನು ಬಳಸಲು ಅವಕಾಶ ಕೊಡುತ್ತದೆ. ಹಾಗಾಗಿ ಕಚೇರಿಯ ಯಂತ್ರದಲ್ಲಿ ನಿಗಾ ಇಡುವುದೇ ಕಾನೂನುಬಾಹಿರವೆಂದು ವಾದಿಸಲು ಹೋದರೆ ನಿಲ್ಲುವುದು ಕಷ್ಟ.

ಇನ್ನೊಂದು ಮಾತನ್ನು ಕಚೇರಿಗಳಲ್ಲಿ ಬಹಳ ಕೇಳುತ್ತೇವೆ: ಸರ್ಕಾರವೇ 180 ದಿನ ಎಲ್ಲವನ್ನೂ ಇಡಲು ಹೇಳಿದೆ ಎಂದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ 180 ದಿನಗಳ ಮಾತು ಇರುವುದು ನಿಜ. ಅದು ಗಣಕ ವ್ಯವಸ್ಥೆಗಳ ಲಾಗ್‌ಗಳ ಬಗ್ಗೆ. ಸಿಬ್ಬಂದಿಯ ಪರದೆಯ ಚಿತ್ರ ತೆಗೆದಿಡಿ ಎಂದು ಅದು ಎಲ್ಲೂ ಹೇಳಿಲ್ಲ. ನೀವು ಲಿಖಿತವಾಗಿ ಕೇಳುವುದಾದರೆ ಏನನ್ನು, ಯಾವ ಉದ್ದೇಶಕ್ಕೆ ಸಂಗ್ರಹಿಸುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ ಎಂದು ಕೇಳಿ.

ತೂಕದ ಚೀಟಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಹೇಳಿದಂತೆಯೇ ಜೋಡಿ ಹೆಸರುಗಳಿದ್ದವು. ಕ್ರೋಮ್ ಬ್ರೌಸರಿನ ಮೂರು ಚುಕ್ಕೆಗಳ ಪಟ್ಟಿಯ ತಳದಲ್ಲಿ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಇತ್ತು. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳ ಪುಟದಲ್ಲಿ ನಾನು ಹಾಕದ ಒಂದು ಎಕ್ಸ್‌ಟೆನ್ಷನ್ ಕೂತಿದೆ, ಅದನ್ನು ತೆಗೆಯುವ ಗುಂಡಿಯೇ ಇಲ್ಲ.

ಆ ಹಾಳೆಯನ್ನು, ಅದೇ ದಿನದ ತೂಕದ ಚೀಟಿಗಳ ಕಟ್ಟನ್ನು ಮತ್ತು ಹಾಜರಿ ಪುಸ್ತಕವನ್ನು ಒಟ್ಟಿಗೆ ಹಿಡಿದುಕೊಂಡು ವ್ಯವಸ್ಥಾಪಕರ ಬಳಿ ಹೋದೆ. ಮೊದಲು 4:02ನ್ನು ತೋರಿಸಿದೆ. ಅವರು ಒಮ್ಮೆ ಹಾಳೆಯನ್ನು, ಒಮ್ಮೆ ನನ್ನನ್ನು ನೋಡಿ, ಬೆಳಗಿನ ಜಾವ ಕಚೇರಿಯ ಬೀಗ ತೆಗೆಯುವವರು ಯಾರು ಎಂದು ತಾವೇ ನಕ್ಕರು. ಆಮೇಲೆ ಮಾತು ಸುಲಭವಾಯಿತು. ತಂತ್ರಾಂಶ ಹಾಕಿಕೊಟ್ಟವರಿಗೆ ನನ್ನೆದುರೇ ಫೋನು ಮಾಡಿಸಿ ಕೇಳಿದಾಗ, ನಿಷ್ಕ್ರಿಯತೆಯ ಮಿತಿ ನಮ್ಮಲ್ಲಿ ಮೂರೇ ನಿಮಿಷ ಇದೆಯೆಂದು ತಿಳಿಯಿತು. ಕೀಲಿಗಳನ್ನು ಬರೆದಿಡುವುದಿಲ್ಲ ಎಂದರು. ಸ್ಕ್ರೀನ್‌ಶಾಟ್ ಬಗ್ಗೆ ಕೇಳಿದ್ದಕ್ಕೆ, ನೋಡಿ ಹೇಳುತ್ತೇವೆ ಎಂದಿದ್ದಾರೆ.

ಪಕ್ಕದ ಮೇಜಿನವರು, ಮೌಸನ್ನು ತಾನಾಗಿ ಅಲುಗಾಡಿಸುವ ಪುಟ್ಟ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಬಿಡಿ ಅಕ್ಕ ಎನ್ನುತ್ತಿದ್ದಾರೆ. ಅದನ್ನು ಏಜೆಂಟು ಗುರುತಿಸುತ್ತದೆಯೇ? ಆ ಎಕ್ಸ್‌ಟೆನ್ಷನ್ ಏನು ಮಾಡುತ್ತಿರಬಹುದು?

ಕೇಬಲ್ ಎಳೆಯುವವ, ದಾವಣಗೆರೆ

ಅದನ್ನು ತರಿಸಬೇಡಿ ಮೇಡಂ. ಯುಎಸ್‌ಬಿಗೆ ಸಿಕ್ಕಿಸುವ ಯಾವುದೇ ಸಾಧನ ತನ್ನ ತಯಾರಕರ ಮತ್ತು ಮಾದರಿಯ ಗುರುತಿನ ಸಂಖ್ಯೆಯನ್ನು ಯಂತ್ರಕ್ಕೆ ಹೇಳಿಕೊಂಡೇ ಒಳಗೆ ಬರುತ್ತದೆ, ಏಜೆಂಟು ಅದನ್ನು ಬರೆದುಕೊಳ್ಳಬಹುದು. ಜೊತೆಗೆ ಮೂರು ಗಂಟೆ ಮೌಸ್ ಓಡಾಡಿ ಒಂದು ಕೀಲಿಯೂ ಒತ್ತದಿದ್ದರೆ ವರದಿ ಓದುವವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಈಗ ನಿಮ್ಮ ಕಡೆ ನ್ಯಾಯವಿದೆ. ಆ ಯಂತ್ರ ಬಂದರೆ ಅದೂ ಹೋಗುತ್ತದೆ.

ಎಕ್ಸ್‌ಟೆನ್ಷನ್ ಬಹುಮಟ್ಟಿಗೆ ನೀವು ತೆರೆದ ಪುಟಗಳ ಪೂರ್ತಿ ವಿಳಾಸವನ್ನು ತೆಗೆದುಕೊಳ್ಳಲು ಇರುತ್ತದೆ, ಏಕೆಂದರೆ ಕಿಟಕಿಯ ತಲೆಬರಹದಲ್ಲಿ ವಿಳಾಸ ಸಿಗುವುದಿಲ್ಲ. ಅದೇ ಪುಟದಲ್ಲಿ ವಿವರಗಳು ಎಂಬುದನ್ನು ಒತ್ತಿದರೆ ಅದಕ್ಕೆ ಕೊಟ್ಟಿರುವ ಅನುಮತಿಗಳ ಪಟ್ಟಿ ಕಾಣುತ್ತದೆ. ಎಲ್ಲ ಜಾಲತಾಣಗಳ ದತ್ತಾಂಶವನ್ನು ಓದುವ ಅನುಮತಿ ಇದೆಯೇ ನೋಡಿ. ಇದ್ದರೆ ನಿಮ್ಮ ಸ್ವಂತ ಬ್ಯಾಂಕ್ ಖಾತೆಯನ್ನು ಆ ಬ್ರೌಸರಿನಲ್ಲಿ ತೆರೆಯಬೇಡಿ. ಸುಗ್ಗಿ ಮುಗಿಯುವವರೆಗಾದರೂ ಆ ಮೂರು ನಿಮಿಷವನ್ನು ಹದಿನೈದಕ್ಕೆ ಏರಿಸಲು ಕೇಳಿಕೊಳ್ಳಿ. ಸರ್ವರಿನಲ್ಲಿ ಒಂದು ಅಂಕೆ ಬದಲಿಸಿದರೆ ಸಾಕು, ಯಂತ್ರಗಳು ಮುಂದಿನ ಸಲ ಸಂಪರ್ಕಕ್ಕೆ ಬಂದಾಗ ಹೊಸ ಮಿತಿಯನ್ನು ತಾವೇ ಎತ್ತಿಕೊಳ್ಳುತ್ತವೆ. ಚೀಟಿ ತಾಳೆ ನೋಡುವ ಗಂಟೆಗಳನ್ನು ಕೈಯಿಂದ ನಮೂದಿಸುವ ಸೌಲಭ್ಯ ಇದೆಯೇ ಎಂದೂ ವಿಚಾರಿಸಿ. ಎಷ್ಟೋ ತಂತ್ರಾಂಶಗಳಲ್ಲಿ ಇರುತ್ತದೆ, ಯಾರೂ ತೆರೆದು ನೋಡಿರುವುದಿಲ್ಲ.